ಅರ್ಧ ದಾರಿಯಿಂದ ವಾಪಸ್ ಬಂದ ಬೋಟು

ನಿನ್ನೆ ಸಂಜೆ ಕಾರವಾರದ ಬೈತಕೋಲ ಬಂದರಿಗೆ ಮೀನು ತರಲು ಹೋಗಿದ್ದೆ. ಮೀನು ಸಿಗಲಿಲ್ಲ. ಆದರೂ ಖುಷಿಯಿಂದ ಮನೆಗೆ ಬಂದೆ. ಒಂದು ಬೋಟು ಖಾಲಿ ವಾಪಸ್ ಬಂದಿತ್ತು. ತುಂಬಿಕೊಂಡು ಹೋದ ಐಸು ಹಾಗೇ ಇತ್ತು, ಕರಗಿ ಸೋರುತ್ತಿತ್ತು. ಗಾಳಿಯ ರೀತಿ ನೋಡಿ ಬೋಟು ನಡೆಸುವ ತಾಂಡೇಲರು ಅರ್ಧ ದಾರಿಯಿಂದಲೇ ತಿರುಗಿಸಿದ್ದರಂತೆ. ಡೀಸೆಲ್ ದಂಡ ಆಯ್ತು ಅಂತ ಮಾಲೀಕರು ಕೂಗಾಡುತ್ತಿದ್ದರು. ತಾಂಡೇಲರು ಹಗ್ಗ ಕಟ್ಟುತ್ತಲೇ ಹೇಳಿದರು: "ಎಂಟು ಜನ ಇದ್ರು ಸಾವ್ಕಾರ್ರೇ. ಗಾಳಿ ಎದ್ದ ಮೇಲೆ ತಿರುಗಿಸೂಕೆ ಆಗುದಿಲ್ಲ."

ರಾತ್ರಿಯಿಡೀ ಅದೇ ಮಾತು ಕಿವಿಯಲ್ಲಿತ್ತು. 2021ರಲ್ಲಿ ಕೋವಿಡ್ ಎರಡನೇ ಅಲೆ ಎದ್ದಾಗ ದೇಶ ನಡೆಸುತ್ತಿದ್ದವರಿಗೆ ಇಷ್ಟು ಸಣ್ಣ ವಿಷಯ ಯಾಕೆ ಹೊಳೆಯಲಿಲ್ಲ?

ಮೊದಲೇ ಗೊತ್ತಿರಲಿಲ್ಲ ಅನ್ನಬೇಡಿ. ಆಸ್ಪತ್ರೆಗಳಿಗೆ ಸಾಕಾಗುವಷ್ಟು ಆಕ್ಸಿಜನ್ ತಯಾರಾಗುವಂತೆ ನೋಡಿಕೊಳ್ಳಿ ಅಂತ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ 2020ರ ನವೆಂಬರ್‌ನಲ್ಲೇ ಬರೆದುಕೊಟ್ಟಿತ್ತು. ಆಸ್ಪತ್ರೆಯಲ್ಲೇ ಆಕ್ಸಿಜನ್ ತಯಾರಿಸುವ 162 ಘಟಕಗಳು ಕೇಂದ್ರದಿಂದ ಮಂಜೂರಾಗಿದ್ದವು. ಮರುವರ್ಷ ಏಪ್ರಿಲ್ ಮಧ್ಯದ ಹೊತ್ತಿಗೆ ಕೂರಿಸಿದ್ದು 33. ಮೇ ಶುರುವಿನಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಜನ ತೀರಿಕೊಂಡರು. ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಕ್ಸಿಜನ್ ಕೊಡಿ ಅಂತ ಹೈಕೋರ್ಟ್ ಹೇಳಬೇಕಾಯಿತು. ಕೇಂದ್ರ ಅದನ್ನೂ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಜನ ಉಸಿರಿಗೆ ಒದ್ದಾಡುವಾಗ ಮೇಲ್ಮನವಿ! ಈಗ ಬರೆಯುವಾಗಲೂ ಕೈ ನಡುಗುತ್ತದೆ.

ಅವಸರ ಮಾಡಿದರೂ ಬೈತೀರಿ, ತಡ ಮಾಡಿದರೂ ಬೈತೀರಿ ಅಂತ ಕೆಲವರು ಕೇಳುತ್ತಾರೆ. 2020ರ ಮಾರ್ಚ್ 24ರ ಲಾಕ್‌ಡೌನ್ ನೆನಪಿಸುತ್ತಾರೆ. ಅಲ್ಲ ಮಾರಾಯ್ರೇ, ಕೇರಳದಲ್ಲಿ ಮೊದಲ ಕೇಸು ಸಿಕ್ಕಿದ್ದು ಜನವರಿ 30ಕ್ಕೆ. ನಡುವೆ 54 ದಿನ ಇತ್ತು. ಕೂಲಿಗೆ ಹೋದವರು ಊರು ಸೇರಲು ನಾಲ್ಕು ದಿನವಾದರೂ ಕೊಡಬಹುದಿತ್ತು. ಕೊಟ್ಟಿದ್ದು ನಾಲ್ಕು ಗಂಟೆ. ಅದು ಚುರುಕುತನ ಅಲ್ಲ, ತಡವಾಗಿ ಎದ್ದವರ ಗಡಿಬಿಡಿ.

ಬ್ರಿಟನ್ನಿನ ಕೋವಿಡ್ ವಿಚಾರಣೆ 2025ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಒಂದು ವಾರ ಮೊದಲೇ ಲಾಕ್‌ಡೌನ್ ಮಾಡಿದ್ದರೆ ಇಂಗ್ಲೆಂಡಿನಲ್ಲಿ ಮೊದಲ ಅಲೆಯಲ್ಲೇ ಸುಮಾರು 23,000 ಜೀವ ಉಳಿಯುತ್ತಿತ್ತಂತೆ. ಬರೀ ಒಂದು ವಾರ. ನಮ್ಮ ತಿಂಗಳುಗಳಿಗೆ ಇಂಥ ಲೆಕ್ಕ ಹಾಕಿಕೊಡುವವರು ಯಾರು?

ಕೋವಿಡ್‌ನಲ್ಲಿ ಮಾವ ಹೋದ ವಿಷಯ ನಿಮಗೆಲ್ಲ ಗೊತ್ತು. ಒಂದು ಮಾತ್ರ ನಾನು ಯಾರಿಗೂ ಹೇಳಿಲ್ಲ. ಆ ದಿನ ಸಂಜೆ ಅವರ ಬೆರಳಿಗೆ ಹಾಕಿದ ಆಕ್ಸಿಮೀಟರ್ 91 ತೋರಿಸಿತು. ಈಗಲೇ ಹೊರಡೋಣ ಅಂತ ಅತ್ತೆ ಅಂದರು. ಬೆಳಿಗ್ಗೆ ನೋಡೋಣ ಅಂದವನು ನಾನು. ಬೆಳಿಗ್ಗೆ 82. ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಎಲ್ಲ ಕಡೆ ಫೋನ್ ಮಾಡಿದೆ. ಕೊನೆಗೆ ಒಂದು ಕಡೆ, ಬೆಡ್ ಇದೆ, ಆಕ್ಸಿಜನ್ ನೀವೇ ತನ್ನಿ ಅಂದರು.

ಅತ್ತೆ ಇವತ್ತಿನವರೆಗೆ ನನಗೆ ಒಂದು ಮಾತೂ ಅಂದಿಲ್ಲ. ಆ ರಾತ್ರಿಯ ತಪ್ಪು ನನ್ನದು, ನಿಮ್ಮೆಲ್ಲರ ಎದುರು ಒಪ್ಪಿಕೊಳ್ಳುತ್ತಿದ್ದೇನೆ. ಒಂದು ರಾತ್ರಿಗೆ ನಾನು ಇಷ್ಟು ಹೇಳಬಹುದಾದರೆ, ಅಷ್ಟೂ ತಿಂಗಳುಗಳಿಗೆ ಅವರು ಯಾಕೆ ಬಾಯಿ ಬಿಡುವುದಿಲ್ಲ?