ರತ್ನಗಂಬಳಿಯ ಜಾತಕ

ತುಮಕೂರಿನ ಅಜ್ಜನ ಮನೆ ಮಾರಿದಾಗ ದೊಡ್ಡಪ್ಪನ ಮಗನಿಗೆ ತೇಗದ ಮಂಚ, ಚಿಕ್ಕಪ್ಪನಿಗೆ ತಾಮ್ರದ ಹಂಡೆ, ಅತ್ತೆಗೆ ಅಜ್ಜಿಯ ಬುಗುಡಿ ಹೋದವು. ನನ್ನ ಪಾಲಿಗೆ ಬಂದದ್ದು 30 ವರ್ಷದಿಂದ ಅಟ್ಟದಲ್ಲಿ ಮಲಗಿದ್ದ ರತ್ನಗಂಬಳಿ. ಬಂದದ್ದು ಅನ್ನುವುದಕ್ಕಿಂತ ಯಾರೂ ಒಯ್ಯದೆ ಉಳಿದದ್ದು ಅಂದರೆ ಸರಿ. ಬೆಂಗಳೂರಿಗೆ ತಂದು ಸುರುಳಿ ಬಿಚ್ಚಿದ ಕೂಡಲೇ ನನ್ನ ಹೆಂಡತಿಗೆ ಸಾಲಾಗಿ 11 ಸೀನು ಬಂದವು. ಹನ್ನೆರಡನೆಯದನ್ನು ತಡೆಹಿಡಿದುಕೊಂಡೇ ಹೇಳಿದಳು: “ರೀ, ಇದು ಒಳಗೆ ಬಂದ್ರೆ ನಾನು ಹೊರಗೆ.”

ಹಾಗಂತ ಅದು ಅಂತಿಂಥ ಗಂಬಳಿಯಲ್ಲ. ನಮ್ಮ ವಂಶದಲ್ಲಿ ಅದಕ್ಕೊಂದು ಸ್ಥಳಪುರಾಣವೇ ಇದೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಸಾಹೇಬರು ಅಜ್ಜನ ಕೈಬರಹ ಮೆಚ್ಚಿ ಕೊಟ್ಟದ್ದಂತೆ. ಮಿರ್ಜಾ ಅವರ ತಾತ ಅಲಿ ಅಸ್ಕರ್ ಇರಾನಿನ ಶಿರಾಜಿನಿಂದ ಬೆಂಗಳೂರಿಗೆ ಬಂದು ಕುದುರೆ ವ್ಯಾಪಾರ ಮಾಡಿದವರು, ಅವರ ಹೆಸರಿನ ರಸ್ತೆ ಇಲ್ಲಿ ಈಗಲೂ ಇದೆ. ಆದ್ದರಿಂದ ಗಂಬಳಿಯೂ ಶಿರಾಜಿನದೇ, ಕುದುರೆಯ ಬೆನ್ನ ಮೇಲೇ ಬಂದದ್ದು ಎಂದು ದೊಡ್ಡಪ್ಪ ತೀರ್ಪು ಕೊಟ್ಟು ಹೋಗಿದ್ದರು. ಮಂಡಿಯಲ್ಲಿ ಬೆಲ್ಲದ ಲೆಕ್ಕ ಬರೆಯುತ್ತಿದ್ದ ಗುಮಾಸ್ತನ ಅಕ್ಷರವನ್ನು ದಿವಾನರು ಎಲ್ಲಿ ನೋಡಿದರು ಅಂತ ಯಾರೂ ಕೇಳಿರಲಿಲ್ಲ.

ಗಂಬಳಿ ಗ್ಯಾರೇಜು ಸೇರಿ ಸುಮ್ಮನಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿ ಹಾಕಿದ. 2009ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಂದು ಹಳೆ ಗಂಬಳಿಗೆ 900 ಯೂರೋ ಅಂತ ಬೆಲೆ ಕಟ್ಟಿದರಂತೆ. ಅದು ಸುಮಾರು 20 ಸಾವಿರ ಯೂರೋಗೆ ಹೋಯಿತು. ಮರುವರ್ಷ ಲಂಡನ್ನಿನ ಹರಾಜಿನಲ್ಲಿ ಅದೇ ಗಂಬಳಿ, ಇರಾನಿನ ಕೆರ್ಮಾನಿನದು, 62 ಲಕ್ಷ ಪೌಂಡಿಗೆ ಮಾರಾಟವಾಯಿತು. ಅವತ್ತು ನಮ್ಮ ಗುಂಪಿನಲ್ಲಿ ಶುಭೋದಯದ ಗುಲಾಬಿ ಹೂಗಳು ಬರಲಿಲ್ಲ. ಸಂಜೆಗೆ ಚಿಕ್ಕಪ್ಪನ ಫೋನು: “ಹಂಡೆ ಬೇಕಾದ್ರೆ ನೀನೇ ಇಟ್ಕೊಳೋ. ನಿಂಗೆ ಅನ್ಯಾಯ ಆಯ್ತೇನೋ ಅಂತ ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ.”

ಗಂಬಳಿ ಗ್ಯಾರೇಜಿನಿಂದ ನಡುಮನೆಗೆ ಬಡ್ತಿ ಪಡೆಯಿತು. ನಾನು ಶಾಸ್ತ್ರ ಓದತೊಡಗಿದೆ. ಮೊದಲನೆಯದು, ಉಣ್ಣೆ ಹೌದೋ ಅಲ್ಲವೋ ನೋಡಲು ಒಂದೆಳೆ ಕಿತ್ತು ಸುಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಕೃತಕ ನೂಲಾದರೆ ಕರಗಿ ಮಣಿಯಾಗುತ್ತದೆ. ಒಂದೆಳೆ ಸಾಲದು ಅನ್ನಿಸಿ ಒಂದು ಹಿಡಿ ಸುಟ್ಟೆ. ಉಣ್ಣೆ ಅಂತ ಖಾತ್ರಿಯಾಯಿತು, ನನಗೆ ಮಾತ್ರವಲ್ಲ, ಮೇಲಿನ ಮನೆಯವರಿಗೂ. ಅವರು ಓಡಿ ಬಂದು ಬಾಗಿಲು ಬಡಿದು, “ಎಲ್ಲಾ ಹುಷಾರಾಗಿದ್ದೀರಾ ತಾನೇ?” ಅಂದರು.

ಎರಡನೆಯದು ಬಣ್ಣ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಹತ್ತಬಾರದು. ಕೈಗೆ ಸಿಕ್ಕಿದ ಬಿಳಿ ಬಟ್ಟೆ ನನ್ನದೇ ಗೃಹಪ್ರವೇಶದ ಪಂಚೆ. ಅದೀಗ ಕುಂಕುಮದ ನೀರಿನಲ್ಲಿ ಅದ್ದಿದ ಹಾಗಿದೆ. ಉಣ್ಣೆಯ ರೋಮ ಬಿಡಿಸಿ ನೋಡಿದರೆ ತುದಿಯಲ್ಲಿ ಮಾಸಿದ ಇಟ್ಟಿಗೆ ಬಣ್ಣ, ಬುಡದಲ್ಲಿ ಜಾತ್ರೆಯ ಬೊಂಬಾಯಿ ಮಿಠಾಯಿಯ ಗುಲಾಬಿ. ಅಂದರೆ ಇದು ರಾಸಾಯನಿಕ ಬಣ್ಣ. ಅದು ಹುಟ್ಟಿದ್ದೇ 1856ರಲ್ಲಿ, ಗಂಬಳಿಯ ಮಗ್ಗಗಳಿಗೆ ಅದು ಇಳಿದದ್ದು ಇನ್ನೂ ಆಮೇಲೆ. ಅಲ್ಲಿಗೆ ನಾನೂರು ವರ್ಷ ಹಿಂದಿನ ಇರಾನಿನ ದೊರೆ ಶಾಹ್ ಅಬ್ಬಾಸನ ಕಾಲದ ಆಸೆ ಬಿಟ್ಟೆ.

ಮೂರನೆಯದು ಗಂಟು. ಗಂಬಳಿ ಮಗುಚಿ ಒಂದು ಚದರಂಗುಲದಲ್ಲಿ ಎಷ್ಟು ಗಂಟಿವೆ ಅಂತ ಎಣಿಸಬೇಕು. ಟರ್ಕಿ ಗಂಟಾದರೆ ನೂಲು ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎರಡು ಹಾಸೆಳೆಗಳನ್ನೂ ತಬ್ಬಿಕೊಂಡಿರುತ್ತದೆ. ಇರಾನಿ ಗಂಟು ಒಂದನ್ನು ತಬ್ಬಿ ಇನ್ನೊಂದರ ಹಿಂದೆ ಸುಮ್ಮನೆ ನುಸುಳಿ ಹೋಗುತ್ತದೆ, ಥೇಟು ಮದುವೆ ಮನೆಯಲ್ಲಿ ನಮ್ಮ ಚಿಕ್ಕಪ್ಪ. ಇದನ್ನು ಬಾಯಿಪಾಠ ಮಾಡಿಕೊಂಡ ಮೇಲೆ ಗೊತ್ತಾಯಿತು, ಇರಾನಿನಲ್ಲೇ ಇರುವ ತಬ್ರೀಜಿನವರು ಹಾಕುವುದು ಟರ್ಕಿ ಗಂಟು! ಪಂಚಾಂಗ ನೋಡುವ ಭೂತಗನ್ನಡಿ, ಮಗಳ ಅಳತೆಪಟ್ಟಿ, ಒಂದು ಪಿನ್ನು ಹಿಡಿದು ಬೋರಲು ಬಿದ್ದೆ. 67ಕ್ಕೆ ಕೊರಿಯರ್‌ನವನು ಬಂದ. ಮತ್ತೆ ಶುರು ಮಾಡಿ 81ಕ್ಕೆ ಬಂದಾಗ ಸೊಂಟ ಹಿಡಿಯಿತು. ಲೆಕ್ಕ ಮುಗಿಸಿದವಳು ನನ್ನನ್ನು ಎಬ್ಬಿಸಲು ಬಂದ ಹೆಂಡತಿಯೇ. “90 ಇದೆ. ಏಳಿ.” ಒಳ್ಳೆಯ ಇರಾನಿ ಮಾಲಿನಲ್ಲಿ ನೂರಾರು ಇರುತ್ತವೆ.

ಕೊನೆಗೆ ಶಿವಾಜಿನಗರದ ಕಡೆ ರಫೂ ಮಾಡುವ ಹಿರಿಯ ಸಾಬರೊಬ್ಬರ ಹತ್ತಿರ ಆಟೋದಲ್ಲಿ ಹೊತ್ತೊಯ್ದೆ. ಅವರು ಗಂಬಳಿಯ ಮುಖ ನೋಡಲೇ ಇಲ್ಲ. ಬೆನ್ನು ಮಗುಚಿ, ಕುಚ್ಚು ಎಳೆದು, ಅಂಗೈ ಆಡಿಸಿದರು. “ಕುಚ್ಚು ಹೊಲಿದಿದ್ದಲ್ಲ, ಹಾಸಿನದೇ ಬಾಲ. ಹಾಗಾದ್ರೆ ಕೈಕೆಲಸ. ಆದ್ರೆ ಶಿರಾಜ್ ಕಡೆಯ ಅಲೆಮಾರಿಗಳು ಹಾಸಿಗೂ ಉಣ್ಣೇನೇ ಹಾಕ್ತಾರೆ ಸಾರ್. ಇದು ಹತ್ತಿ.” ಆಮೇಲೆ ಮೂಲೆಯ ತೇಪೆ ಮುಟ್ಟಿದರು. ಅದು ಅಜ್ಜಿಯ ಹಳೆಯ ರವಿಕೆ ಬಟ್ಟೆ, ಇಲಿ ಕಚ್ಚಿದ್ದಕ್ಕೆ ಹಾಕಿದ್ದು ಅಂತ ನಾನು ಹೇಳಿದೆ. ಸೂಜಿಯಿಂದ ನಾಲ್ಕು ಹೊಲಿಗೆ ಬಿಡಿಸಿದರು. ಕೆಳಗೆ ಇಲಿಯ ತೂತು ಇರಲಿಲ್ಲ. ಒಂದು ದಪ್ಪ ಬಟ್ಟೆಯ ಚೀಟಿ, ಅದರ ಮೇಲೆ ಮಸಿಯ ಮುದ್ರೆ: ಸೆಂಟ್ರಲ್ ಜೈಲ್, ಬೆಂಗಳೂರು.

“ಬೆಲೆ?” ಅಂದೆ, ಗಂಟಲು ಒಣಗಿ.

“ನುಸಿ ತಿಂದಿದ್ದು ರಫೂ ಮಾಡೋಕೆ 18 ಸಾವಿರ. ಮಾಡಿ ಮಾರಿದ್ರೆ 12 ಸಿಗಬಹುದು.”

ಮನೆಗೆ ಬಂದು ಹಳೆಯ ಮೈಸೂರು ಗೆಜೆಟಿಯರ್ ಹುಡುಕಿದೆ. ಮುದ್ರೆ ಹೇಳಿದ್ದು ನಿಜ. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಇರಾನಿ, ಟರ್ಕಿ ನಮೂನೆ ನೋಡಿ ನೇಯುವ ರತ್ನಗಂಬಳಿಗಳು ಬಹುಶಃ ಇಡೀ ಹಿಂದೂಸ್ತಾನದಲ್ಲೇ ಮೇಲು ಎಂದು ಅಲ್ಲಿ ಹೊಗಳಿಕೆಯಿದೆ. ಆ ಜೈಲೇ ಇವತ್ತಿನ ಫ್ರೀಡಂ ಪಾರ್ಕು. ಅದರ ಗೋಡೆಗೆ ಒರಗಿ ಕಡಲೆಕಾಯಿ ತಿಂದವನು ನಾನು.

ಗುಂಪಿಗೆ ಮುದ್ರೆಯ ಫೋಟೋ ಹಾಕಿದೆ. ಎರಡು ಗಂಟೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಚಿಕ್ಕಪ್ಪ, ಹಂಡೆಯ ಮಾತು ತಮಾಷೆಗೆ ಆಡಿದ್ದು ಅಂತ ಬರೆದ. ದೊಡ್ಡಪ್ಪನ ಮಗ, ಅಜ್ಜ ಸ್ವಾತಂತ್ರ್ಯದ ಕಾಲದ ಮೈಸೂರು ಚಲೋ ಚಳವಳಿಯಲ್ಲಿ ಸೆರೆಯಾಗಿರಬೇಕು ಅಂದ. ‘ಹಾಗಿದ್ರೆ ತಾಮ್ರಪತ್ರ ಎಲ್ಲಿ, ಪಿಂಚಣಿ ಎಲ್ಲಿ?’ ಅಂತ ಅವನ ಹೆಂಡತಿಯೇ ಕೇಳಿದಳು. ಮಾನ ಉಳಿಸಲು ನಾನು, ವಿಂಡ್ಸರ್ ಅರಮನೆಯ ವಾಟರ್ಲೂ ಸಭಾಂಗಣದಲ್ಲಿ ವಿಕ್ಟೋರಿಯಾ ರಾಣಿಗಾಗಿ ಹಾಸಿದ 2 ಟನ್ ಗಂಬಳಿಯೂ ಆಗ್ರಾ ಜೈಲಿನ ಕೈದಿಗಳು ನೇಯ್ದದ್ದೇ ಅಂತ ಹಾಕಿದೆ. ಅದಕ್ಕೊಂದು ಹೆಬ್ಬೆರಳು ಬಂತು, ಅದೂ ನನ್ನ ಮಗಳದು.

ಅಜ್ಜ ದುಡ್ಡು ಕೊಟ್ಟೇ ಕೊಂಡಿರಬಹುದಲ್ಲ? ಹೌದು. ಆದರೆ ಕೊಂಡವರು ಮುದ್ರೆಯ ಮೇಲೆ ರವಿಕೆ ಬಟ್ಟೆ ಯಾಕೆ ಹೊಲಿಯುತ್ತಾರೆ? ಅತ್ತೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವರಿಗೆ 84.

“ಅತ್ತೆ, ಅಜ್ಜ ಯಾವಾಗ್ಲಾದ್ರೂ ಬೆಂಗಳೂರಲ್ಲಿ ಇದ್ರಾ?”

“ಇದ್ರಲ್ಲೋ. ನಂಗೆ ಆಗ 5 ವರ್ಷ. ಎರಡು ವರ್ಷ ಯಾವುದೋ ಕೆಲಸ ಅಂತ ಹೋಗಿದ್ರು. ಮಂಡಿ ಸಾಹುಕಾರರು ಆಮೇಲೆ ನಮ್ಮ ಬೀದಿಗೇ ಬರ್ತಿರಲಿಲ್ಲ.”

“ಏನು ಕೆಲಸ?”

“ಯಾರಿಗೆ ಗೊತ್ತು. ಒಂದು ಮಾತ್ರ, ಹೋಗೋಕೆ ಮುಂಚೆ ಅಪ್ಪಂಗೆ ಪಂಚೆ ಗಂಟೂ ನಿಲ್ತಿರಲಿಲ್ಲ. ಬಂದ ಮೇಲೆ ಜಗಲೀಲಿ ಕೂತು ಹೂ ಕಟ್ಟೋಕೆ ಶುರು ಮಾಡಿದ್ರೆ ಅಮ್ಮ ಸೋಲೋಳು. ಎಲೆಅಡಿಕೆ ಮಡಚೋಷ್ಟರಲ್ಲಿ ಒಂದು ಮೊಳ ಮಲ್ಲಿಗೆ! ಗಂಟೂ ಹಂಗೇ, ಎಳೆದ್ರೂ ಬಿಡ್ತಿರಲಿಲ್ಲ.”

ಹೆಂಡತಿ ಎದ್ದು ಹೋಗಿ ಗಂಬಳಿಯ ಮೂಲೆ ಮಗುಚಿದಳು. ಉಗುರಿನಿಂದ ಒಂದು ಗಂಟು ಹಿಡಿದು ಎಳೆದು ನೋಡಿದಳು. ಬಿಡಲಿಲ್ಲ. ಆಮೇಲೆ, ಅವತ್ತಿನಿಂದ ಬಾಕಿಯಿದ್ದ ಹನ್ನೆರಡನೆಯದನ್ನು ಸೀನಿದಳು.