ನಾಯಿಯ ಅಕ್ಷರ, ನಾಯಕರ ಪತ್ರ

1994ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಕಂಪ್ಯೂಟರ್ ಪರದೆಯ ಮೇಲೆ ಒಂದು ನಾಯಿ ಮಾತನಾಡಲು ಕಲಿಯುತ್ತಿತ್ತು. ಹೆಸರು ರೋವರ್. ಕಂಪ್ಯೂಟರಿಗೆ ಹೆದರುವವರಿಗಾಗಿ ಸಿದ್ಧವಾಗುತ್ತಿದ್ದ 'ಬಾಬ್' ಎಂಬ ತಂತ್ರಾಂಶದ ಕಾರ್ಟೂನ್ ನಾಯಿ ಅದು. ಪಾಪ, ಅದರ ಮಾತೆಲ್ಲ ಟೈಮ್ಸ್ ನ್ಯೂ ರೋಮನ್ ಫಾಂಟಿನಲ್ಲಿ ಮೂಡುತ್ತಿತ್ತು. ಬಾಲ ಅಲ್ಲಾಡಿಸುತ್ತಲೇ ಕೋರ್ಟಿನ ತೀರ್ಪು ಓದಿದ ಹಾಗೆ. ಈ ಅಪಚಾರವನ್ನು ಸಹಿಸದ ವಿನ್ಸೆಂಟ್ ಕೊನೇರ್ ಎಂಬ ವಿನ್ಯಾಸಕ ಕಾಮಿಕ್ ಪುಸ್ತಕಗಳ ಕೈಬರಹವನ್ನು ನೋಡಿಕೊಂಡು ದುಂಡಗಿನ, ತುಸು ಓಲಾಡುವ ಅಕ್ಷರಗಳನ್ನು ರೂಪಿಸಿದ. ಅದೇ ಕಾಮಿಕ್ ಸಾನ್ಸ್. ಅಕ್ಷರ ಸಿದ್ಧವಾಗುವ ವೇಳೆಗೆ ತಂತ್ರಾಂಶದ ಕೆಲಸ ಬಹಳ ಮುಂದೆ ಹೋಗಿದ್ದರಿಂದ ನಾಯಿಗೆ ಅದು ದಕ್ಕಲಿಲ್ಲ. ಮನುಷ್ಯರಿಗೆ ಧಾರಾಳವಾಗಿ ದಕ್ಕಿತು.

2010ರಲ್ಲಿ ಲೆಬ್ರಾನ್ ಜೇಮ್ಸ್ ತಂಡ ಬಿಟ್ಟುಹೋದಾಗ ಕ್ಲೀವ್‌ಲ್ಯಾಂಡ್ ಬ್ಯಾಸ್ಕೆಟ್‌ಬಾಲ್ ತಂಡದ ಮಾಲೀಕ ಡ್ಯಾನ್ ಗಿಲ್ಬರ್ಟ್ ಕೆಂಡಾಮಂಡಲವಾಗಿ ಕಾಮಿಕ್ ಸಾನ್ಸ್‌ನಲ್ಲಿ ಬಹಿರಂಗ ಪತ್ರ ಬರೆದರು. ಕೋಪ ದೂರ್ವಾಸರದ್ದು, ಅಕ್ಷರ ಒಂದನೇ ತರಗತಿಯದು. 2019ರಲ್ಲಿ ಟ್ರಂಪ್ ಅವರ ಮಾಜಿ ವಕೀಲ ಜಾನ್ ಡೌಡ್ ಅಮೆರಿಕದ ಸಂಸತ್ತಿನ ಸಮಿತಿಗೆ ಗಂಭೀರ ಕಾನೂನು ಪತ್ರ ಕಳಿಸಿದ್ದೂ ಇದೇ ಫಾಂಟಿನಲ್ಲಿ. ಪೋಪ್ ಹದಿನಾರನೇ ಬೆನೆಡಿಕ್ಟ್ ಅವರಿಗೆ ವ್ಯಾಟಿಕನ್ ಅರ್ಪಿಸಿದ ಚಿತ್ರಸಂಪುಟದಲ್ಲೂ ಇದೇ. ನಾಯಿಯೊಂದನ್ನು ಬಿಟ್ಟು ಎಲ್ಲರೂ ಬಳಸಿದರು.

ಇನ್ನು ಈ ಫಾಂಟನ್ನು ಬೈಯುವವರ ಗಾಂಭೀರ್ಯವನ್ನೂ ನೋಡಬೇಕು. 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ಫ್ಯಾಬಿಯೋಲಾ ಜನೋಟಿ ವೇದಿಕೆ ಏರಿದರು. 1964ರಲ್ಲಿ ಕಾಗದದ ಮೇಲೆ ಊಹಿಸಿದ್ದ ಹಿಗ್ಸ್ ಕಣದ ಸುಳಿವು ಕೊನೆಗೂ ಕೈಗೆ ಸಿಕ್ಕಿತ್ತು. ಮೂಲಕಣಗಳಿಗೆ ದ್ರವ್ಯರಾಶಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಪರದೆಯ ಮೇಲಿತ್ತು, ಕಾಮಿಕ್ ಸಾನ್ಸ್‌ನಲ್ಲಿ. ಟ್ವಿಟರ್ ಪಂಡಿತರು ಬ್ರಹ್ಮಾಂಡವನ್ನು ಬದಿಗೆ ಸರಿಸಿ ಫಾಂಟನ್ನು ಹಿಡಿದುಕೊಂಡರು. ಭೌತಶಾಸ್ತ್ರ ಅರ್ಥವಾಗದಿದ್ದರೂ ಅಭಿಪ್ರಾಯ ಹೇಳಲು ಅವಕಾಶ ಕೊಟ್ಟ ವಿಜ್ಞಾನಿಗೆ ಅವರು ಕೃತಜ್ಞರಾಗಿರಬೇಕಿತ್ತು. ಈ ಫಾಂಟನ್ನು ನಿಷೇಧಿಸಲೆಂದೇ ಅಮೆರಿಕದಲ್ಲಿ ಒಂದು ಚಳವಳಿಯೂ ಇತ್ತು. ಅತ್ತ ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಸ್ಥೆ, ಅಕ್ಷರಗಳು ಒತ್ತೊತ್ತಾಗಿ ಕಾಣುವುದಿಲ್ಲವೆಂದು, ಓದಲು ತೊಡಕಿರುವವರಿಗೆ ಶಿಫಾರಸು ಮಾಡುವ ಫಾಂಟುಗಳಲ್ಲಿ ಇದನ್ನೂ ಸೇರಿಸಿದೆ. ಅಭಿರುಚಿ ಉಳ್ಳವರಿಗೆ ಇಂಥ ಕ್ಷುಲ್ಲಕ ಸಂಗತಿಗಳು ಕಾಣಿಸುವುದಿಲ್ಲ.

ಕಾಮಿಕ್ ಸಾನ್ಸ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಹಾಗಾಗಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ದ್ವಿಭಾಷಾ ಸೂಚನಾಪತ್ರದಲ್ಲಿ ಲಿಫ್ಟ್ ಕೆಟ್ಟಿರುವ ಸುದ್ದಿಯನ್ನು ಇಂಗ್ಲಿಷ್ ಕುಣಿಯುತ್ತಾ ಹೇಳುತ್ತದೆ, ಕೆಳಗೆ ಕನ್ನಡ ತುಂಗಾ ಫಾಂಟಿನಲ್ಲಿ ಮುಖ ಗಂಟಿಕ್ಕಿಕೊಂಡು ನಿಂತಿರುತ್ತದೆ. ಎಂಟನೇ ಮಹಡಿಯ ಅಜ್ಜಿ ಎರಡನ್ನೂ ಓದಿ ಮೆಟ್ಟಿಲು ಹತ್ತುತ್ತಾರೆ.