ನಮ್ಮ ತಾತ, ಅಜ್ಜಿಯ ಮನೆ ಬಗ್ಗೆ ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಮನೆಯಲ್ಲಿ ಪ್ರಾರ್ಥನಾ ಸಭೆ ನಡೆಸುತ್ತಿದ್ದ ಆ ಗಂಡ-ಹೆಂಡತಿ ಕೋಲಾರದಿಂದ ಬಂದವರು, ಮಿಷನ್ ದುಡ್ಡಲ್ಲಿ ಮನೆ ಕಟ್ಟಿದರು.’ ಅವರು ನನ್ನ ತಾತ, ಅಜ್ಜಿ. ಎರಡು ಮಾತೂ ಸುಳ್ಳು.

ಹಳೇ ಮನೆಪತ್ರದಲ್ಲಿ ‘ಕೋಲಾರ ಜಿಲ್ಲೆ’ ಎಂದಿರುವುದು ನಿಜ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದೇ 2007ರಲ್ಲಿ. ಅದಕ್ಕೂ ಮುಂಚೆ ಶಿಡ್ಲಘಟ್ಟದವರೆಲ್ಲರೂ ಕೋಲಾರ ಜಿಲ್ಲೆಯವರೇ.

ಮನೆ ಎದ್ದದ್ದು ರೇಷ್ಮೆಗೂಡು ಮಾರಿದ ದುಡ್ಡಲ್ಲಿ. ಸಭೆ ಸೇರುತ್ತಿದ್ದದ್ದೂ ಹುಳು ಸಾಕುವ ಕೋಣೆಯಲ್ಲೇ. ಗೂಡು ಮಾರುಕಟ್ಟೆಗೆ ಹೋದ ಮೇಲೆ ಅಜ್ಜಿ ಚಂದ್ರಿಕೆಗಳನ್ನು (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳು) ಹೊರಗೆ ಒರಗಿಸಿ, ನೆಲ ತೊಳೆದು, ಚಾಪೆ ಹಾಸುತ್ತಿದ್ದರು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳು ಕೋಣೆ ತುಂಬಿದ್ದರೆ ಸಭೆ ಜಗಲಿಗೆ ಬರುತ್ತಿತ್ತು. ತಾತ ಮಾತ್ರ ಒಳಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಲೇ ಕೀರ್ತನೆಗೆ ದನಿಗೂಡಿಸುತ್ತಿದ್ದರು. ಆ ದನಿ ನನಗಿನ್ನೂ ನೆನಪಿದೆ.

ಹೊರಗಿನಿಂದ ಬೋಧಕರು ಬರುತ್ತಿದ್ದದ್ದು ಮಾತ್ರ ನಿಜ. ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರಿಗೆ ಮುದ್ದೆ, ಬಸ್ಸಾರು ಅಜ್ಜಿಯದೇ.

ಪತ್ರಗಳು ನಮ್ಮ ಚಿಕ್ಕಪ್ಪನ ಬಳಿ ಇವೆ, ಯಾರು ಬೇಕಾದರೂ ಬಂದು ನೋಡಬಹುದು. ಸಂದೇಶ ಹಂಚಿದವರು ದಯವಿಟ್ಟು ಈ ಸ್ಪಷ್ಟನೆಯನ್ನೂ ಅದೇ ಗುಂಪುಗಳಿಗೆ ಕಳಿಸಿ.